ನಾನು ಆಡಿದ ಜಪಾನಿ, ಅವರು ಆಡಿಸಿದ ತಲೆ

ಹೊಸದಾಗಿ ಗೈಡ್ ಪರವಾನಗಿ ಪಡೆದವರಿಗೆ ನಾಲ್ಕು ಅನುಭವದ ಮಾತು ಹೇಳಿ ಎಂದು ಮೊನ್ನೆ ಬೇಲೂರಿನಲ್ಲಿ ಒಂದು ತರಬೇತಿಗೆ ನನ್ನನ್ನು ಕರೆದಿದ್ದರು. ಅರ್ಧ ಗಂಟೆ ಎಂದು ಆಹ್ವಾನದಲ್ಲಿತ್ತು. ದೀಪ ಹಚ್ಚುವುದು, ಹಾರ ಹಾಕುವುದು, ಹಾರ ಹಾಕಿದವರಿಗೆ ತಿರುಗಿ ಹಾರ ಹಾಕುವುದು, ವ್ಯಕ್ತಿತ್ವ ವಿಕಸನದ ಭಾಷಣಕಾರರೊಬ್ಬರು 'ಕನಸು ಕಾಣಿ' ಎಂದು ಒಂದೂವರೆ ಗಂಟೆ ಕೂಗುವುದು, ಇಷ್ಟೆಲ್ಲ ಮುಗಿದ ಮೇಲೆ ನನಗೆ ಐದು ನಿಮಿಷ ಉಳಿಯಿತು. ಅದರಲ್ಲಿ ಮೂರು ನಿಮಿಷ ಮೈಕೇ ಕೂಗಿತು. ಆಮೇಲೆ ನಿರೂಪಣೆ ಮಾಡುತ್ತಿದ್ದ ಹೆಣ್ಣುಮಗಳು, "ಸರ್, ಒಂದೆರಡು ಮಾತು ಜಪಾನಿಯಲ್ಲಿ ಆಡ್ಬಿಡಿ, ಸಾಕು" ಎಂದಳು. ಆಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಹೇಳಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಊಟದ ಹೊತ್ತಾಗಿತ್ತು.

ಅಂದು ಹೇಳಲು ಆಗದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನಸು ಕಾಣುವ ವಿಚಾರ ಭಾಷಣಕಾರರು ಹೇಳಿಯಾಗಿದೆ. ನಾನು ಹೇಳಬೇಕಾದದ್ದು ಮಂಗನಾಗುವ ವಿಚಾರ. ಒಂದು ಭಾಷೆಯನ್ನು ಯಾರ ಸಹಾಯವೂ ಇಲ್ಲದೆ ಕಲಿತು, ವರ್ಷಗಟ್ಟಲೆ ಅದನ್ನು ಊರೆಲ್ಲ ಮೆರೆಸಿ, ಕೊನೆಗೆ ಅದು ಯಾರಿಗೂ ಅರ್ಥವೇ ಆಗಿರಲಿಲ್ಲ ಎಂದು ತಿಳಿದುಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ನನ್ನ ಹೆಸರು ಆನಂದ. ಮನೆ ಅರಸೀಕೆರೆಯಲ್ಲಿ, ಕೆಲಸ ಹಳೇಬೀಡು ಮತ್ತು ಬೇಲೂರಿನಲ್ಲಿ. ಮಂಡಿ ಸವೆದು ಮೆಟ್ಟಿಲು ಹತ್ತಲು ಆಗದಂತಾಗುವ ತನಕ ದಿನಾ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹೋದೆ, ಸಂಜೆ ಅದೇ ದಾರಿಯಲ್ಲಿ ಬಂದೆ. ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ರೈಲು ಹಳಿಯ ಮೇಲೆ ನಡೆದೂ ನಡೆದೂ ನಿವೃತ್ತರಾಗುವ ಹೊತ್ತಿಗೆ ಬೌದ್ಧ ದೀಕ್ಷೆ ತೆಗೆದುಕೊಂಡು, ನಮ್ಮನ್ನೆಲ್ಲ ಬೌದ್ಧರನ್ನಾಗಿ ಮಾಡಿದರು. ಅದಕ್ಕೆ ಮುಂಚೆ ನಾವು ಏನಾಗಿದ್ದೆವು ಎಂಬುದು ಹಳೇಬೀಡಿನ ಗೈಡುಗಳಿಗೆ ನಮಗಿಂತ ಚೆನ್ನಾಗಿ ನೆನಪಿತ್ತು.

ನಾವು ಗೈಡುಗಳು ಗೇಟಿನ ಹತ್ತಿರ ಮರದ ಕೆಳಗಿನ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಬಂದ ಪ್ರವಾಸಿಗರನ್ನು ಪಾಳಿಯ ಪ್ರಕಾರ ಹಂಚಿಕೊಳ್ಳಬೇಕು ಎಂಬುದು ನಿಯಮ. ಪಾಳಿ ಹೇಳುತ್ತಿದ್ದವರು ಹಿರಿಯ ಗೈಡು ರುದ್ರಪ್ಪನವರು. ವಿಭೂತಿ, ಬಿಳಿ ಷರ್ಟು, ಬಾಯಿ ತುಂಬ ಮರ್ಯಾದೆ. ವಿದೇಶಿಯರ ಬಸ್ಸು ಬಂದರೆ ಪಾಳಿ ಹೇಗೋ ಸುತ್ತಿ ಬಳಸಿ ಅವರ ಹತ್ತಿರವೇ ಬಂದು ನಿಲ್ಲುತ್ತಿತ್ತು. ಶಾಲಾ ಪ್ರವಾಸದ ಮಕ್ಕಳು ಬಂದರೆ ಮಾತ್ರ, "ಹೋಗಪ್ಪ ಆನಂದ, ಮಕ್ಕಳಿಗೆ ಹೇಳೋದು ಪುಣ್ಯದ ಕೆಲ್ಸ ಕಣಪ್ಪ. ನಿಂಗೆ ತಾಳ್ಮೆ ಐತೆ" ಎನ್ನುತ್ತಿದ್ದರು. ಹೀಗೆ ಪುಣ್ಯವನ್ನೆಲ್ಲ ನನಗೆ ಬಿಟ್ಟುಕೊಟ್ಟು ಮಿಕ್ಕದ್ದನ್ನು ತಾವು ಇಟ್ಟುಕೊಂಡರು. ನಾನು ಬಾಟಲಿಗೆ ನೀರು ಹಿಡಿದು ತಂದು ಕೊಟ್ಟರೆ, "ಬ್ಯಾಡ ಬಿಡಪ್ಪ, ನಂಗೆ ಬೇರೆ ನೀರು ಒಗ್ಗಲ್ಲ" ಎಂದು ಎದ್ದು ಹೋಗಿ, ನಾನು ಹಿಡಿದ ನಲ್ಲಿಯಲ್ಲೇ ಹಿಡಿದುಕೊಂಡು ಕುಡಿಯುತ್ತಿದ್ದರು. ಜಗಳ ಆಡೋಣ ಎಂದರೆ ಆ ಮನುಷ್ಯ ಒಂದು ಕೆಟ್ಟ ಮಾತು ಆಡಿದವರಲ್ಲ. ಅಂಥವರ ಜೊತೆ ಜಗಳ ಆಡುವುದು ಬಹಳ ಕಷ್ಟ.

ಒಂದು ದಿನ ಜಪಾನಿಗರ ಬಸ್ಸು ಬಂತು. ಅವರ ಜೊತೆ ದೆಹಲಿಯಿಂದ ಬರಬೇಕಾಗಿದ್ದ ಜಪಾನಿ ಬಲ್ಲ ಗೈಡು ಕಾಯಿಲೆ ಬಿದ್ದಿದ್ದನಂತೆ. ರುದ್ರಪ್ಪನವರು ತಮ್ಮ ಇಂಗ್ಲಿಷಿನಲ್ಲಿ ಶುರುಮಾಡಿದರು. ಜಪಾನಿಗರು ಪಿಳಿಪಿಳಿ ನೋಡಿದರು. ರುದ್ರಪ್ಪನವರು ಇನ್ನೂ ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳಿದರೆ ಯಾವ ದೇಶದವರಿಗಾದರೂ ಅರ್ಥವಾಗುತ್ತದೆ ಎಂಬುದು ಅವರ ನಂಬಿಕೆ. ಅರ್ಧ ಗಂಟೆಯಲ್ಲಿ ಗಂಟಲು ಕಟ್ಟಿ, ಕಟ್ಟೆಗೆ ಬಂದು ಕುಸಿದರು. ನನಗೆ ಅಂದು ಆದ ಸಂತೋಷ ಹೇಳಿದರೆ ಪಾಪ ಬಂದೀತು. ಕಟ್ಟೆಯಲ್ಲಿ ಯಾರ ಬಾಯಲ್ಲೂ ಇಲ್ಲದ ಭಾಷೆಯೊಂದು ನನ್ನ ಬಾಯಲ್ಲಿದ್ದರೆ ಪಾಳಿ ನನ್ನನ್ನು ದಾಟಿ ಹೋಗುವುದು ಹೇಗೆ ಎಂದು ಲೆಕ್ಕ ಹಾಕಿದೆ. ನಾನು ಜಪಾನಿ ಕಲಿಯಲು ಹೊರಟದ್ದು ಜ್ಞಾನದಾಹದಿಂದ ಅಲ್ಲ, ಹೊಟ್ಟೆಕಿಚ್ಚಿನಿಂದ.

ನೀವು ಯಾವ ಭಾಷೆ ಕಲಿಯಲು ಹೊರಟರೂ ಮೊದಲು ಹೊಟ್ಟೆಯೊಳಗೆ ಇಂಥದ್ದೊಂದು ಕಿಚ್ಚು ಇದೆಯೇ ನೋಡಿಕೊಳ್ಳಿ. ಉತ್ಸಾಹವನ್ನು ನಂಬಬೇಡಿ. ಅದು ನಮ್ಮ ಕಡೆಯ ನಲ್ಲಿ ನೀರಿನ ಹಾಗೆ, ಬಂದಾಗ ಹಿಡಿದುಕೊಳ್ಳಬೇಕು, ನಾಳೆಯೂ ಬರುತ್ತದೆ ಎಂದು ಕೂರಬಾರದು. ಹೊಟ್ಟೆಕಿಚ್ಚು ಹಾಗಲ್ಲ. ದಿನಾ ಬೆಳಿಗ್ಗೆ ಬಸ್ಸಿಳಿದು ರುದ್ರಪ್ಪನವರ ಮುಖ ನೋಡಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುತ್ತಿತ್ತು.

ಅರಸೀಕೆರೆ ಸ್ಟೇಷನ್ನಿನ ಪುಸ್ತಕದಂಗಡಿಯವನಿಗೆ ಹೇಳಿ ಒಂದು ಪುಸ್ತಕ ತರಿಸಿದೆ. ಮೂವತ್ತು ದಿನಗಳಲ್ಲಿ ಜಪಾನಿ ಕಲಿಸುವುದಾಗಿ ಅದರ ರಟ್ಟಿನ ಮೇಲೆ ಬರೆದಿತ್ತು. ಎರಡು ವರ್ಷ ಕಳೆದರೂ ನಾನು ಹನ್ನೊಂದನೆಯ ದಿನದಲ್ಲೇ ಇದ್ದೆ. ಅಕ್ಷರ ಪೂರ್ತಿ ಬರುವ ತನಕ ಕಾಫಿ ಮುಟ್ಟುವುದಿಲ್ಲ ಎಂದು ಶಪಥ ಮಾಡಿ, ಮೂರನೆಯ ದಿನ ಅಕ್ಷರಗಳೇ ಇಡ್ಲಿ-ವಡೆಯಂತೆ ಕಾಣತೊಡಗಿದ ಮೇಲೆ ಶಪಥ ಬಿಟ್ಟು ಕಾಫಿ ಕುಡಿದೆ. ಒಂದು ದಿನವೂ ತಪ್ಪಿಸಬಾರದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಓದದ ದಿನವೂ ಗುರುತು ಹಾಕುವ ಅಭ್ಯಾಸ ಆಯಿತೇ ಹೊರತು ಬೇರೇನೂ ಆಗಲಿಲ್ಲ. ಈಗಿನ ಫೋನಿನ ಆ್ಯಪುಗಳು ಏಳು ದಿನ ತಪ್ಪದೆ ಬಂದಿರಿ ಎಂದು ಪದಕ ಕೊಡುತ್ತವೆ. ನನಗೆ ನಾನೇ ಸುಳ್ಳು ಪದಕ ಕೊಟ್ಟುಕೊಂಡ ಕಾಲ ಅದು.

ಕೊನೆಗೆ ದಾರಿ ತೋರಿಸಿದವಳು ಹೆಂಡತಿ ಸುಜಾತ. ಅವಳು ಅಂಗನವಾಡಿ ಟೀಚರು. "ಏನ್ರೀ ಇದು, ಪುಸ್ತಕ ಎದೆ ಮೇಲಿಟ್ಕೊಂಡು ನಿದ್ದೆ ಮಾಡಿದ್ರೆ ಅಕ್ಷರ ಒಳಗೆ ಇಳಿಯುತ್ತಾ? ನಮ್ ಮಕ್ಕಳು ಮಗ್ಗಿ ಹೇಳೋ ಹಂಗೆ ಗಟ್ಟಿಯಾಗಿ ಹೇಳ್ಕೊಳಿ" ಎಂದಳು. ಹಾಗೇ ಮಾಡಿದೆ. ಇಂಗ್ಲಿಷ್ ಕೈಪಿಡಿಯಲ್ಲಿದ್ದ ಹಳೇಬೀಡಿನ ವಿವರಣೆಯನ್ನು ಮುಂದಿಟ್ಟುಕೊಂಡು, ಒಂದೊಂದು ಇಂಗ್ಲಿಷ್ ಪದ ಕಿತ್ತು, ನಿಘಂಟು ನೋಡಿ ಅದೇ ಗುಂಡಿಗೆ ಒಂದೊಂದು ಜಪಾನಿ ಪದ ನೆಟ್ಟೆ. ನಲವತ್ತು ನಿಮಿಷದ ವಿವರಣೆ ಸಿದ್ಧವಾಯಿತು. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಸ್ಸಿನಲ್ಲಿ ಹೋಗುತ್ತ ಬರುತ್ತ ಮಗ್ಗಿಯ ಹಾಗೆ ಉರು ಹೊಡೆದೆ. ಪಕ್ಕದಲ್ಲಿ ಕೂತವರು ನಾನು ಯಾವುದೋ ಮಂತ್ರ ಹೇಳುತ್ತಿದ್ದೇನೆಂದು ಕಾಲು ಮಡಚಿ ಕೂರುತ್ತಿದ್ದರು. ಕಂಡಕ್ಟರು ಮಾತ್ರ, "ಏನ್ಸಾ, ದಿನಾ ಒಂದೇ ಪಾಠ. ಮೇಷ್ಟ್ರು ಮುಂದುಕ್ಕೆ ಹೋಗ್ಲಿಲ್ವಾ?" ಎಂದು ಕೇಳುತ್ತಿದ್ದ. ಅವನ ಮಾತಿಗೆ ಆಗಲೇ ಕಿವಿಗೊಡಬೇಕಾಗಿತ್ತು.

ನನ್ನ ಮೊದಲ ಜಪಾನಿ ತಂಡ ಬಂದ ದಿನ ಕಟ್ಟೆಗೆ ಕಟ್ಟೆಯೇ ಹಿಂದೆ ಬಂದು ನಿಂತಿತ್ತು. ಗುಡಿಯ ಗೋಡೆಯ ಬುಡದಲ್ಲಿ ಕೆತ್ತಿದ ಆನೆಗಳ ಸಾಲಿನ ಮುಂದೆ ನಿಂತು ಬಾಯಿ ತೆರೆದೆ. ಒಂದೇ ಉಸಿರು. ಜಪಾನಿಗರು ತಲೆಯಾಡಿಸಿದರು. 'ಹಾಯ್, ಹಾಯ್' ಎಂದರು. ಅವರ ಭಾಷೆಯಲ್ಲಿ ಅದು ನಮ್ಮ ಹೌದು, ಹೌದು. ನಮ್ಮ ಕಡೆ ಕಥೆ ಕೇಳುವವರು ಹ್ಞೂಂಗುಟ್ಟಬೇಕು. ಹ್ಞೂಂ ನಿಂತರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ, ಕೇಳುವವರಿಗೆ ನಿದ್ದೆ ಬಂತು ಎಂದು. ಹ್ಞೂಂ ಇದೆ ಎಂದರೆ ಕಥೆ ಇಳಿಯುತ್ತಿದೆ ಎಂದು ಲೆಕ್ಕ. ಅದೇ ಲೆಕ್ಕ ನಾನೂ ಹಾಕಿದೆ. ಇವರ ಹ್ಞೂಂ ನಮ್ಮವರಿಗಿಂತ ಚುರುಕಾಗಿತ್ತು, ಜೊತೆಗೆ ಸೊಂಟ ಬೇರೆ ಬಗ್ಗಿಸುತ್ತಿದ್ದರು. ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುವ ಜನ ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎಂದುಕೊಂಡೆ.

ಪಾಳಿ ಬದಲಾಯಿತು. ಜಪಾನಿಗರ ಬಸ್ಸು ಬಂದರೆ ರುದ್ರಪ್ಪನವರೇ ಎದ್ದು ನಿಂತು, "ಆನಂದಪ್ಪ, ನಿಮ್ಮೋರು ಬಂದ್ರು ನೋಡಿ" ಎನ್ನುವಂತಾಯಿತು. ಏಕವಚನ ಹೋಯಿತು, ಹೆಸರಿಗೆ ಅಪ್ಪ ಸೇರಿತು. ನೀರು ಮಾತ್ರ ಅವರಿಗೆ ಇನ್ನೂ ಒಗ್ಗಲಿಲ್ಲ.

ಅಪ್ಪ ಒಂದು ದಿನ ಮಗನ ಜಪಾನಿ ಕೇಳಬೇಕು ಎಂದು ಬಿಳಿ ಪಂಚೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದರು. ಜಪಾನಿಗರೆಂದರೆ ಎಲ್ಲರೂ ಬುದ್ಧನ ಮಕ್ಕಳು ಎಂದು ಅವರ ಎಣಿಕೆ. ಬಸ್ಸಿನಿಂದ ಇಳಿದವರಿಗೆಲ್ಲ ಕೈ ಮುಗಿದು ಬಗ್ಗಿದರು. ಅವರೂ ಬಗ್ಗಿದರು. ಅತಿಥಿಗಳು ಬಗ್ಗಿದ ಮೇಲೆ ನಾವು ಸುಮ್ಮನಿರಬಾರದೆಂದು ಅಪ್ಪ ಮತ್ತೆ ಬಗ್ಗಿದರು. ಅವರಲ್ಲೂ ಅದೇ ಪದ್ಧತಿ ಇರಬೇಕು, ಮತ್ತೆ ಬಗ್ಗಿದರು. ಡ್ರೈವರು ಹಾರ್ನ್ ಹೊಡೆಯದೇ ಹೋಗಿದ್ದರೆ ಎರಡು ದೇಶಗಳೂ ಸಂಜೆಯ ತನಕ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆಮೇಲೆ ಅಪ್ಪ ಗುಂಪಿನ ಹಿಂದೆ ನಿಂತು ನಲವತ್ತು ನಿಮಿಷವೂ ಕೇಳಿದರು. ತಿರುಗಿ ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಏನು ಹೇಳ್ದೆ ಅಂತ ತಿಳೀಲಿಲ್ಲ ಕಣ್ಲಾ. ಆದ್ರೆ ಅವ್ರಿಗೆಲ್ಲ ತಿಳೀತಲ್ಲ, ಅಷ್ಟು ಸಾಕು" ಎಂದರು. ಅದಾದ ಮುಂದಿನ ವರ್ಷ ತೀರಿಕೊಂಡರು.

ಪ್ರವಾಸೋದ್ಯಮ ಇಲಾಖೆಯ ಸಾಹೇಬರೊಬ್ಬರ ಕಥೆ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಪತ್ರಿಕೆಯಲ್ಲಿ ನನ್ನ ಫೋಟೋ ಬಂದದ್ದು ನೋಡಿ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. ಆಮೇಲೆ ಪಾದರಕ್ಷೆ ಬಿಡುವ ಜಾಗಕ್ಕೆ ಜಪಾನಿಯಲ್ಲಿ ಫಲಕ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಪೇಂಟರು ಅಚ್ಚುಕಟ್ಟಾಗಿ ಬರೆದು ತಲೆಕೆಳಗಾಗಿ ತೂಗುಹಾಕಿದ. ನಾನು ಓಡಿಹೋಗಿ ಸಾಹೇಬರಿಗೆ ಹೇಳಿದರೆ ಅವರು ತಣ್ಣಗೆ, "ಈಗ ಏನೂ ಮಾಡೋಕಾಗಲ್ಲ ಕಣ್ರೀ. ಶಾಸಕರು ಉದ್ಘಾಟನೆ ಮಾಡಿ ಆಗಿದೆ, ಫೋಟೋ ಫೈಲಿಗೆ ಸೇರಿದೆ. ಈಗ ತಿರುಗಿಸಿದ್ರೆ ಫೋಟೋದಲ್ಲಿರೋ ಬೋರ್ಡು ಬೇರೆ, ಇಲ್ಲಿರೋದು ಬೇರೆ ಅಂತ ಆಡಿಟ್‌ನೋರು ಹಿಡೀತಾರೆ" ಎಂದರು. ಜಪಾನಿಗರು ಅದರ ಮುಂದೆ ನಿಂತು, ತಲೆ ವಾರೆ ಮಾಡಿ ಓದಿ, ಚಪ್ಪಲಿ ಬಿಡುತ್ತಿದ್ದರು. ನನ್ನಿಂದ ಅವರಿಗೆ ನಿಜವಾಗಿ ಅರ್ಥವಾಗುತ್ತಿದ್ದದ್ದು ಅದೊಂದೇ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಸುಜಾತಳ ಒಂದು ಪ್ರಶ್ನೆಯಿಂದ. ಒಂದು ಸಂಜೆ ಬೀನ್ಸ್ ಸೋಸುತ್ತ, "ಅಲ್ರೀ, ಅವ್ರು ಹ್ಞೂಂ ಅಂತಾರೆ ಸರಿ. ಏನಾದ್ರೂ ತಿರುಗಿ ಕೇಳ್ತಾರಾ?" ಎಂದಳು.

"ಕೇಳೋದೇನು, ಎಲ್ಲ ನಾನೇ ಹೇಳ್ತೀನಲ್ಲ."

"ನಮ್ಮ ಅಂಗನವಾಡಿ ಮಕ್ಕಳಿಗೆ ಕಥೆ ಹೇಳಿದ್ರೆ, ಅರ್ಥ ಆದವು ನೂರು ಪ್ರಶ್ನೆ ಕೇಳ್ತವೆ. ಅರ್ಥ ಆಗದವು ಹ್ಞೂಂ ಅಂತವೆ" ಎಂದು ಹೇಳಿ ಬೀನ್ಸ್ ತೆಗೆದುಕೊಂಡು ಒಳಗೆ ಹೋದಳು.

ಹೆಂಡತಿಯರು ಹೀಗೇ. ಇಡೀ ಜೀವನದ ಬುಡಕ್ಕೆ ಕೊಡಲಿ ಹಾಕಿ ಸಾರಿಗೆ ಒಗ್ಗರಣೆ ಹಾಕಲು ಹೋಗುತ್ತಾರೆ. ಆ ದಿನದಿಂದ ನನಗೆ ನಿದ್ದೆ ಹೋಯಿತು. ಆರು ವರ್ಷದಲ್ಲಿ ಜಪಾನಿಗರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ನೆನಪಿಸಿಕೊಂಡೆ. ಶೌಚಾಲಯ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದ್ದು ಬಿಟ್ಟರೆ ಒಂದೂ ನೆನಪಾಗಲಿಲ್ಲ.

ಅನುಮಾನ ಬಂದ ಮೇಲೆ ಪರೀಕ್ಷೆ ಮಾಡದೆ ಇರಲಾಗುತ್ತದೆಯೇ? ಮುಂದಿನ ತಂಡ ಬಂದಾಗ ಎಂದಿನಂತೆ ಶುರುಮಾಡಿದೆ. ಆನೆಗಳ ಸಾಲು ಮುಗಿದು ಕುದುರೆಗಳ ಸಾಲಿಗೆ ಬಂದಾಗ, ಅದೇ ರಾಗ, ಅದೇ ಗಾಂಭೀರ್ಯ, ಅದೇ ಕೈ ಬೀಸು ಇಟ್ಟುಕೊಂಡು, ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಕೂಗುವುದನ್ನು ಒಪ್ಪಿಸಿದೆ. "ಹಗರೆ ಹಾಸನ, ಹಗರೆ ಹಾಸನ, ಅರೇಹಳ್ಳಿ, ಹಳೇಬೀಡು ಜಾವಗಲ್ ಅರಸೀಕೆರೆ, ಸೀಟಿದೆ" ಎಂದು ಹೇಳಿ, ಕೊನೆಗೆ ಮರ್ಯಾದೆಗೆ, ಜಪಾನಿಗರು ವಾಕ್ಯದ ತುದಿಗೆ ಹಚ್ಚುವ ಒಂದು 'ದೆಸು' ಸೇರಿಸಿ, ಮುಖ ನೋಡಿದೆ.

ಎಲ್ಲರೂ ತಲೆಯಾಡಿಸಿದರು. 'ಹಾಯ್, ಹಾಯ್' ಎಂದರು. ಒಬ್ಬ ಹಿರಿಯರು ಹಗರೆ ಎಂದದ್ದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ನನಗೆ ನಗು ಬರಲಿಲ್ಲ. ಇಂದು ಬರೆಯುವಾಗ ನಗುತ್ತಿದ್ದೇನೆ, ಅಂದು ಅಪ್ಪ ಕಣ್ಣು ಒರೆಸಿಕೊಂಡದ್ದು ಕಣ್ಣ ಮುಂದೆ ಬಂದು ಅಳು ಬಂತು. ಆ ಮುದುಕ ಕೇಳಿ ಹೋದದ್ದು ಬರೀ ಮಗ್ಗಿ. ಅವರಿಗೆಲ್ಲ ತಿಳಿಯಿತಲ್ಲ ಎಂದುಕೊಂಡು ತೃಪ್ತಿಯಿಂದ ಹೋದರು. ನಾನು ಇಷ್ಟು ವರ್ಷ ಪಡೆದ ಪಾಳಿ, ಹೆಸರಿಗೆ ಸೇರಿದ 'ಅಪ್ಪ', ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಪರದೇಶದವರು ತೋರಿಸಿದ ಮರ್ಯಾದೆಯ ಮೇಲೆ ನಿಂತಿತ್ತು. ನನ್ನ ಮಾತನ್ನು ಯಾರೂ ಒಂದು ದಿನವೂ ಕೇಳಿರಲಿಲ್ಲ. ಕಟ್ಟೆಯವರು ನನ್ನ ಮಾತು ಕೇಳುವುದಿಲ್ಲ ಎಂದು ಭಾಷೆ ಕಲಿತವನು ನಾನು.

ತಡೆಯಲಾರದೆ ರುದ್ರಪ್ಪನವರ ಹತ್ತಿರವೇ ಹೇಳಿಕೊಂಡೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಶಾಂತವಾಗಿ ಕೇಳಿಸಿಕೊಂಡರು.

"ಅಯ್ಯೋ, ಇದಕ್ಯಾಕೆ ತಲೆ ಕೆಡಿಸ್ಕೊತೀಯಾ? ನಾನು ಬಂದಾಗಿನಿಂದ ಇಂಗ್ಲಿಷ್ ಹೇಳ್ತಾ ಇಲ್ವಾ? ಅವ್ರೂ ಹ್ಞೂಂ ಅಂತಾರೆ, ನಾನೂ ಹೇಳ್ತೀನಿ. ಅವ್ರಿಗೆ ಕಲ್ಲು ನೋಡೋಕೆ ಬೇಕು, ನಮಗೆ ಹೊತ್ತು ಹೋಗೋಕೆ ಬೇಕು. ನಡೀತೈತೆ ಬಿಡು."

ಏಕವಚನ ವಾಪಸು ಬಂದಿತ್ತು. ಆದರೆ ಆ ಮನುಷ್ಯ ನನ್ನ ಹತ್ತಿರ ಆಡಿದ ಮೊದಲ ನಿಜವಾದ ಮಾತು ಅದು. ಅವರ ಸಲಹೆಯಂತೆ ನಾನು ಇನ್ನೂ ಮೂರು ತಂಡಗಳಿಗೆ ಅದೇ ಮಗ್ಗಿ ಒಪ್ಪಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಾಚಿಕೆ ಎಂಬುದು ಬಂದ ತಕ್ಷಣ ಮನುಷ್ಯ ಸುಧಾರಿಸಿಬಿಡುತ್ತಾನೆ ಎಂದು ಭಾಷಣಗಳಲ್ಲಿ ಮಾತ್ರ ಕೇಳಿದ್ದೇನೆ.

ನಾಲ್ಕನೆಯ ತಂಡದಲ್ಲಿ ತನಾಕ ಎಂಬ ಒಬ್ಬ ಹೆಂಗಸು ಇದ್ದರು. ವಯಸ್ಸಾದವರು, ಕುಳ್ಳಗೆ, ತಲೆಯ ಮೇಲೆ ಬಟ್ಟೆಯ ಟೋಪಿ. ಎಲ್ಲರೂ ತಲೆಯಾಡಿಸುತ್ತಿದ್ದರೆ ಅವರೊಬ್ಬರು ನನ್ನ ಬಾಯನ್ನೇ ನೋಡುತ್ತಿದ್ದರು. ಎಲ್ಲ ಮುಗಿದು ಉಳಿದವರು ಎಳನೀರಿಗೆ ಹೋದಾಗ ಹತ್ತಿರ ಬಂದು, ತಮಗೆ ಬರುತ್ತಿದ್ದ ಅಲ್ಪಸ್ವಲ್ಪ ಇಂಗ್ಲಿಷಿನಲ್ಲಿ, ತಾನೂ ಜಪಾನಿನಲ್ಲಿ ಪ್ರವಾಸಿ ಬಸ್ಸಿನ ಗೈಡ್ ಆಗಿದ್ದೆ ಎಂದರು. "ಮೈಕು ಹಿಡಿದು ಹೇಳಿದ್ದನ್ನೇ ಹೇಳಿ ನಿವೃತ್ತಳಾದೆ. ನೀವು ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಎಂದು ನೋಡಿದೆ, ಬಾಯಿಪಾಠ ಎಂದು ತಿಳಿಯಿತು. ನನಗೆ ಅಲ್ಲೊಂದು ಇಲ್ಲೊಂದು ಪದ ಬಿಟ್ಟು ಏನೂ ಅರ್ಥವಾಗಲಿಲ್ಲ. ಇವರಿಗೂ ಆಗಿಲ್ಲ. ಹೇಳಿದರೆ ನಿಮಗೆ ಬೇಜಾರಾಗುತ್ತದೆ ಎಂದು ಇವರೆಲ್ಲ ತಲೆಯಾಡಿಸಿದರು." ಇಷ್ಟನ್ನೂ ಅವರು ನಗದೆ, ಬೈಯದೆ, ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದರು.

ಆಮೇಲೆ ಜಪಾನಿಯಲ್ಲಿ, ಬಹಳ ನಿಧಾನವಾಗಿ, ಒಂದು ಪ್ರಶ್ನೆ ಕೇಳಿದರು. ಈ ಆನೆಗಳಲ್ಲಿ ನಿಮಗೆ ಯಾವುದು ಇಷ್ಟ?

ಮಧ್ಯದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಮಗ್ಗಿ ಹೇಳುವ ಮಕ್ಕಳು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ, ಮೊದಲಿಂದ ಶುರುಮಾಡಿದೆ. ಅವರು ಕೈ ಎತ್ತಿ ತಡೆದು, ಅದೇ ಪ್ರಶ್ನೆ ಮತ್ತೆ ಕೇಳಿದರು. ಆ ಆನೆಗಳ ಮುಂದೆ ನಾನು ಎಷ್ಟು ಸಾವಿರ ಸಲ ನಿಂತಿದ್ದೆನೋ, ಅವುಗಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಸಾಲಿನುದ್ದಕ್ಕೂ ನಡೆದು ನೋಡಿದೆ. ಮೂಲೆಯ ಹತ್ತಿರ ಒಂದು ಆನೆ ಉಳಿದವುಗಳಿಗಿಂತ ಸ್ವಲ್ಪ ಮೊಂಡಾಗಿ ನಿಂತ ಹಾಗೆ ಕಂಡಿತು. ಬೆರಳು ತೋರಿಸಿ 'ಕೊರೆ' ಎಂದೆ. 'ಇದು' ಎಂದು ಅರ್ಥ. "ಯಾಕೆ?" ಎಂದು ಕೇಳಿದರು. ನಾನು ಇನ್ನೊಮ್ಮೆ 'ಕೊರೆ' ಎಂದೆ. ಆದರೂ ಆ ಒಂದು ಪದಕ್ಕೆ ಅವರು ತಲೆಯಾಡಿಸಲಿಲ್ಲ, ಹೋಗಿ ಆ ಆನೆಯನ್ನು ನೋಡಿದರು. ನಾನು ಆಡಿದ ಮೊದಲ ಜಪಾನಿ ಮಾತು ಅದೇ ಎಂದು ಲೆಕ್ಕ ಇಟ್ಟಿದ್ದೇನೆ.

ಮರುದಿನ ಕಟ್ಟೆಯಲ್ಲಿ ಎಲ್ಲರ ಮುಂದೆ, ನನಗೆ ಜಪಾನಿ ಬರುವುದಿಲ್ಲ, ಕಲಿಯುವ ತನಕ ಆ ಪಾಳಿ ಬೇಡ ಎಂದೆ. ಎಲ್ಲರೂ ನಕ್ಕರು. ನಗುವವರ ಮುಂದೆ ಎಡವಿಬಿದ್ದಂತಾಯಿತು, ಆದರೆ ಎಡವಿದ್ದು ನಾನೇ ಅಲ್ಲವೇ. ಸಾಹೇಬರಿಗೂ ಅರ್ಜಿ ಕೊಡಲು ಹೋದೆ. ಓದಿ ಬೆಚ್ಚಿದರು.

"ಬರಲ್ಲ ಅಂತ ಬರವಣಿಗೇಲಿ ಕೊಡಬೇಡ್ರೀ ಮಾರಾಯ್ರೇ. ನಿಮಗೆ ಸನ್ಮಾನ ಮಾಡಿದ ಫೈಲಿನಲ್ಲಿ ನನ್ನ ಸಹಿ ಇದೆ. ನಿಮಗೆ ಬರಲ್ಲ ಅಂದ್ರೆ ನನಗೂ ಬರಲ್ಲ ಅಂದ ಹಾಗೆ."

ಹೀಗೆ ಸರಕಾರಿ ದಾಖಲೆಯಲ್ಲಿ ಜಪಾನಿ ಪಂಡಿತನಾಗಿಯೇ ಉಳಿದು, ಕಟ್ಟೆಯಲ್ಲಿ ಮತ್ತೆ ಶಾಲಾ ಮಕ್ಕಳ ಪಾಳಿಗೆ ಇಳಿದೆ. ಮೊದಲು ಅವಮಾನ ಎನಿಸಿದ್ದು ನಿಜ. ಆದರೆ ಮಕ್ಕಳು ಸುಮ್ಮನೆ ತಲೆಯಾಡಿಸುವ ಜಾತಿಯಲ್ಲ. "ಈ ಆನೆಗೆ ದಂತ ಯಾಕಿಲ್ಲ ಸಾ?" "ಆ ಅಮ್ಮಂಗೆ ಮೂಗು ಮುರಿದೋರು ಯಾರು ಸಾ?" "ನಿಮ್ಗೆ ಯಾರು ಹೇಳ್ಕೊಟ್ರು ಸಾ?" ಎಂದು ಮೈಮೇಲೆ ಬೀಳುತ್ತಿದ್ದವು. ಮಧ್ಯದಲ್ಲಿ ನಿಲ್ಲಿಸಿದರೂ ಮೊದಲಿಂದ ಶುರುಮಾಡದೆ ಮುಂದುವರಿಯುವುದನ್ನು ನಾನು ಕಲಿತದ್ದು ಆ ಪುಣ್ಯದ ಕೆಲಸದಲ್ಲೇ.

ತನಾಕ ಅವರು ಊರಿಗೆ ಹೋದ ಮೇಲೂ ನನ್ನನ್ನು ಬಿಡಲಿಲ್ಲ. ಫೋನಿನಲ್ಲಿ ವಾರಕ್ಕೊಂದು ಸಲ ನಾನು ಜಪಾನಿಯಲ್ಲಿ ಮಾತಾಡಿ ಕಳಿಸಬೇಕು, ಅವರು ತಿದ್ದಿ ಕಳಿಸುವರು. ಒಂದೇ ಷರತ್ತು, ದೇವಸ್ಥಾನದ ಸುದ್ದಿ ಎತ್ತಕೂಡದು, ಆ ವಾರ ಕಣ್ಣಾರೆ ಕಂಡದ್ದನ್ನು ಹೇಳಬೇಕು. ಮೊದಲ ವಾರ ಜಾವಗಲ್ ಹತ್ತಿರ ಬಸ್ಸು ಪಂಕ್ಚರ್ ಆದದ್ದನ್ನು ಹೇಳಿದೆ. ಎರಡೇ ವಾಕ್ಯ, ಎರಡು ದಿನ ಹಿಡಿಯಿತು. ಅವರಿಂದ ಉತ್ತರ ಬಂತು. ಉಚ್ಚಾರ ತಿದ್ದಿ, ಕೊನೆಗೆ, ಬಸ್ಸಿನಲ್ಲಿ ಇದ್ದವರು ಏನು ಮಾಡಿದರು ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಸುಜಾತಳಿಗೆ ಓಡಿಹೋಗಿ ಕೇಳಿಸಿದೆ. "ಕೇಳಿದ್ರಾ? ಹಾಗಾದ್ರೆ ಅರ್ಥ ಆಗೈತೆ ಬಿಡಿ" ಎಂದಳು. ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ನನ್ನ ಹತ್ತಿರ ಇರುವ ಮದ್ದು ಇದೊಂದೇ. ಎಲ್ಲಾದರೂ ಒಬ್ಬರು ನಿಮ್ಮ ಮುಂದಿನ ವಾಕ್ಯಕ್ಕೆ ಕಾಯುತ್ತಿರಬೇಕು. ಪದಕ ಕೊಡುವ ಯಂತ್ರ ಕಾಯುವುದಿಲ್ಲ.

ಹಾಗೆ ಮೂರು ವರ್ಷ. ಮಧ್ಯೆ ಬಿಟ್ಟದ್ದೂ ಉಂಟು, ಬೈಸಿಕೊಂಡು ಮತ್ತೆ ಹಿಡಿದದ್ದೂ ಉಂಟು. ನಾನು ಮತ್ತೆ ಜಪಾನಿ ಪಾಳಿಗೆ ಕೈ ಎತ್ತುವ ಹೊತ್ತಿಗೆ ಕಾಲವೇ ಬದಲಾಗಿತ್ತು. ಬಿಸಿಲನ್ನು ಕನ್ನಡಿಯಿಂದ ಹಿಡಿದು ಒಳಗಿನ ಕತ್ತಲಿಗೆ ಬಿಡುತ್ತಿದ್ದ ನಮ್ಮ ಕೈಗೆ ಟಾರ್ಚು ಬಂದಿತ್ತು. ಪ್ರವಾಸಿಗರ ಕಿವಿಗೆ ಇಯರ್‌ಫೋನು ಬಂದಿತ್ತು. ಫೋನು ಹಿಡಿದರೆ ಅದೇ ಯಾವ ಭಾಷೆಯನ್ನಾದರೂ ಹೇಳುತ್ತಿತ್ತು. ದೆಹಲಿಯಿಂದ ಬರುವ ಜಪಾನಿ ಬಲ್ಲ ಹುಡುಗರು ಇಡೀ ತಂಡದ ಮೇಲೆ ಕಣ್ಣಿಟ್ಟು, ಸ್ಥಳೀಯ ಗೈಡು ಬಾಯಿ ತೆರೆದರೆ, "ನೀವು ಜೊತೆಗೆ ನಡೀರಿ ಸರ್, ಸಾಕು" ಎನ್ನುತ್ತಿದ್ದರು. ಒಂದು ಕಾಲದಲ್ಲಿ ಭಾಷೆ ಬಾರದೆ ಮಾತಾಡಿದೆ, ಭಾಷೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು ನಡೆದೆ.

ಕೊನೆಗೆ ಮಂಡಿ ಕೈಕೊಡುವ ಮುಂಚಿನ ಚಳಿಗಾಲ. ಬೇಲೂರಿನಲ್ಲಿ ಒಂದು ತಂಡದ ಜೊತೆ ನಡೆಯುತ್ತಿದ್ದೆ. ದೆಹಲಿಯ ಹುಡುಗ ಮುಂದೆ ಹೇಳುತ್ತ ಹೋಗುತ್ತಿದ್ದ. ಕನ್ನಡಿ ಹಿಡಿದ ಶಿಲಾಬಾಲಿಕೆಯ ಕೆಳಗೆ ಒಬ್ಬ ಹೆಂಗಸು ಕಿವಿಯಿಂದ ಇಯರ್‌ಫೋನು ತೆಗೆದು ತಲೆ ಎತ್ತಿ ನಿಂತಿದ್ದರು. ನಾನು ಸುಮ್ಮನಿರಲಾರದೆ ಜಪಾನಿಯಲ್ಲಿ ನಿಧಾನವಾಗಿ, ಇವಳು ತನ್ನ ಅಂದವನ್ನು ತಾನೇ ನೋಡಿಕೊಂಡು ಹಿಗ್ಗುತ್ತಿದ್ದಾಳೆ ಎಂದೆ. ನಮ್ಮ ಕಟ್ಟೆಯವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು ಅದು.

ಅವರು ತಲೆಯಾಡಿಸಲಿಲ್ಲ. ನನ್ನನ್ನು ನೋಡಿ, ಇಲ್ಲ ಎಂದರು.

ನನಗೆ ಕೇಳಿದ್ದು ತಪ್ಪಾಯಿತೇನೋ ಎಂದು ಮತ್ತೆ ಅದೇ ಹೇಳಿದೆ. ಇಲ್ಲ ಎಂದು ಮತ್ತೆ ಹೇಳಿದರು. ತಾನು ಊರಿನಲ್ಲಿ ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿ ಇಟ್ಟವಳು, ದಿನವೂ ಕನ್ನಡಿಯ ಮುಂದೆ ಹೆಂಗಸರನ್ನು ನೋಡುತ್ತೇನೆ. ಅಂದ ನೋಡಿ ಹಿಗ್ಗುವವಳ ಕೊರಳು ಹೀಗೆ ಇರುವುದಿಲ್ಲ. ಇವಳಿಗೆ ಏನೋ ಸರಿಹೋಗಿಲ್ಲ, ಅದನ್ನು ಹುಡುಕುತ್ತಿದ್ದಾಳೆ ಎಂದರು. ನಾನು ತಲೆ ಎತ್ತಿ ನೋಡಿದೆ. ಹೌದೇ ಎನಿಸಿತು. ಆದರೂ ಬಿಟ್ಟುಕೊಡಲು ಮನಸ್ಸಾಗದೆ, ಹಾಗಾದರೆ ತುಟಿಯ ಮೇಲೆ ನಗು ಯಾಕಿದೆ ಎಂದೆ. ಅದು ನಗುವಲ್ಲ, ಹೆಂಗಸರು ಕಣ್ಣಿಗೆ ಕಪ್ಪು ತೀಡುವಾಗ ತುಟಿ ಹಾಗೆ ಹಿಡಿಯುತ್ತಾರೆ, ನಿಮ್ಮ ಮನೆಯವರನ್ನು ನೀವು ನೋಡಿಲ್ಲವೇ ಎಂದು ಅವರು ತಮ್ಮ ತುಟಿ ಹಿಡಿದು ತೋರಿಸಿದರು. ಗೈಡುಗಳಿಗೆ ಕೊರಳು ಏನು ಗೊತ್ತು ಎಂದೂ ಸೇರಿಸಿದರು. ಕ್ಷೌರದವರಿಗೆ ಕಲ್ಲು ಏನು ಗೊತ್ತು ಎಂದು ನಾನೂ ಕೇಳಿದೆ. ಕ್ರಿಯಾಪದ ಎಲ್ಲೋ ಬಿದ್ದುಹೋಯಿತು, ಅವರೇ ಎತ್ತಿಕೊಟ್ಟು ಜಗಳ ಮುಂದುವರಿಸಿದರು. ಇಬ್ಬರ ದನಿಯೂ ಏರಿತ್ತು.

ದೂರದಿಂದ ನೋಡಿದ ದೆಹಲಿಯ ಹುಡುಗ ಬೆದರಿ ಓಡಿಬಂದ. ಜಪಾನಿನ ಪ್ರವಾಸಿಯೊಬ್ಬರು ಗೈಡಿನ ಮುಂದೆ ಕೈ ಬೀಸಿ ಮಾತಾಡುವುದನ್ನು ಅವನು ನೋಡಿರಲಿಲ್ಲ, ದೂರು ಎಂದೇ ತಿಳಿದ. ನನ್ನ ಕಡೆಗೆ ಕೆಂಗಣ್ಣು ಬಿಟ್ಟು, ಅವರಿಗೆ ಸೊಂಟ ಬಗ್ಗಿಸಿ, ಈತನಿಂದ ಏನಾದರೂ ತೊಂದರೆ ಆಯಿತೇ, ಏನು ಸಮಸ್ಯೆ ಎಂದು ಜಪಾನಿಯಲ್ಲಿ ಕೇಳಿದ.

ಅವರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣು ಇನ್ನೂ ಆ ಕಲ್ಲಿನ ಕೊರಳ ಮೇಲೇ ಇತ್ತು. "ಏನೂ ಇಲ್ಲ. ನಾವಿಬ್ಬರೂ ಮಾತಾಡುತ್ತಿದ್ದೇವೆ, ನೀವು ಸ್ವಲ್ಪ ಸುಮ್ಮನಿರಿ" ಎಂದರು.